ಮಳೆ ಮಾಡಿದ ಕಲೆಗೆ ಬಾಡಿಗೆದಾರನ ಅಡ್ವಾನ್ಸ್ ಏಕೆ?

ಸಂಪಾದಕರಿಗೆ,

ಮಾನ್ಯರೇ,

ಬಾಡಿಗೆ ಮನೆ ಬಿಡುವವರ ಅಡ್ವಾನ್ಸ್ ಹಣದಿಂದ ಇಡೀ ಮನೆಯ ಪೈಂಟಿಂಗ್ ಖರ್ಚು ಮುರಿದುಕೊಂಡು, ಉಳಿದದ್ದನ್ನಷ್ಟೇ ಕೈಗಿಡುವುದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಾಮೂಲಿಯಾಗಿದೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ವಿದ್ಯಾನಗರದ ಸರಕಾರಿ ಕಚೇರಿಗಳು, ಹೀಗೆ ಹೊರಗಿನವರು ಬಂದು ನೆಲೆಸುವ ಕಡೆಯಲ್ಲೆಲ್ಲ ಈ ತಕರಾರು ಇದೆ. ‘ಇಲ್ಲಿ ಎಲ್ಲರೂ ಹೀಗೆಯೇ ಮಾಡುವುದು’ ಎಂಬ ಒಂದು ಮಾತಿನಲ್ಲಿ ಲೆಕ್ಕ ಮುಗಿದುಹೋಗುತ್ತದೆ. ಆ ಮಾತನ್ನು ಸುಮ್ಮನೆ ಒಪ್ಪಿಕೊಳ್ಳಬಾರದು ಎಂದು ಹೇಳಲು ಈ ಪತ್ರ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಎಂ ಖಂಡವನ್ನು ಮಾಲಕರೂ ಬಾಡಿಗೆದಾರರೂ ಒಮ್ಮೆ ಓದಬೇಕು. ಮನೆ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಬಾಡಿಗೆದಾರ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದಾದ ಸವೆತವೂ, ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಯೂ ಅವನ ತಲೆಗೆ ಬರುವುದಿಲ್ಲ. ಬಾಡಿಗೆದಾರನ ತಪ್ಪಿನಿಂದಲೇ ಹಾನಿಯಾಗಿದ್ದರೆ ಮಾಲಕ ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಅದನ್ನು ಸರಿಪಡಿಸಿಕೊಡುವ ಹೊಣೆ ಬಾಡಿಗೆದಾರನದು. ಅಂದರೆ ಏನು ಹಾಳಾಗಿದೆ ಎಂದು ಮೊದಲು ಹೇಳಬೇಕು. ಕೀ ಕೊಡುವ ದಿನ ದಿಢೀರನೆ ಒಂದು ಮೊತ್ತ ಕತ್ತರಿಸುವುದು ಈ ಕ್ರಮಕ್ಕೆ ಹೊಂದುವುದಿಲ್ಲ.

ಆದರೆ ಅದೇ ಕಲಮಿನ ಆರಂಭದಲ್ಲಿ ಒಂದು ಷರತ್ತಿದೆ. ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಮಾತ್ರ ಈ ನಿಯಮಗಳು ಅನ್ವಯ. ‘ಬಿಡುವಾಗ ಬಾಡಿಗೆದಾರನೇ ಪೈಂಟ್ ಮಾಡಿಸಿಕೊಡಬೇಕು’ ಎಂಬ ಸಾಲಿಗೆ ಸಹಿ ಹಾಕಿದವರಿಗೆ ಆ ಮೇಲೆ ವಾದ ಕಷ್ಟ. ಸಹಿ ಹಾಕದವರೂ ವರ್ಷಗಟ್ಟಲೆ ತಲೆಬಾಗುತ್ತ ಹೋದರೆ ಅದನ್ನೇ ಊರಿನ ರೂಢಿ ಎಂದು ವಾದಿಸಲು ದಾರಿಯಾಗುತ್ತದೆ. ಈ ಕಾರಣಕ್ಕೇ ಈಗಲೇ, ಲಿಖಿತವಾಗಿ, ಬೇರೆ ಕ್ರಮ ಆರಂಭಿಸಬೇಕೆಂಬುದು ನನ್ನ ಆಗ್ರಹ.

ಜಗಳದ ಬಹುಪಾಲು ಗೋಡೆಯ ಕಲೆಗೆ ಸಂಬಂಧಿಸಿದ್ದು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಗೋಡೆ ಹೆಚ್ಚಾಗಿ ಮುರಕಲ್ಲಿನದು. ಅದು ರಂಧ್ರಗಳಿರುವ ಕಲ್ಲು, ನೀರು ಹೀರುತ್ತದೆ. ಕಲೆ ಎಲ್ಲಿದೆ, ಹೇಗಿದೆ ಎಂದು ನೋಡಿದರೆ ಯಾರ ಹೊಣೆ ಎಂಬುದು ಬಹುತೇಕ ಗೊತ್ತಾಗುತ್ತದೆ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಬಣ್ಣ ಉಬ್ಬಿ, ಬಿಳಿ ಉಪ್ಪು ಹೊರಬಂದು, ಸಾರಣೆ ಹುಡಿಯಾಗಿ ಉದುರುತ್ತಿದ್ದರೆ ಅದು ಅಡಿಪಾಯದಿಂದ ಏರಿದ ತೇವ. ಪಂಚಾಂಗದ, ಅಂದರೆ ಅಡಿಪಾಯದ ಕಟ್ಟೆಯ, ಮೇಲೆ ಬೆಲ್ಟ್ ಕಾಂಕ್ರೀಟ್ ಹಾಕುವಾಗ ನೀರು ತಡೆಯುವ ಕೆಲಸ ಮಾಡದಿದ್ದರ ಫಲ. ಬಾಡಿಗೆದಾರ ಏನು ಮಾಡಿದರೂ ನಿಲ್ಲುವುದಲ್ಲ. ಅದರ ಮೇಲೆ ಪುಟ್ಟಿ ಬಳಿದು ಪೈಂಟ್ ಮಾಡಿದರೆ ಮುಂದಿನ ಆಟಿ ತಿಂಗಳಿಗೆ ಮತ್ತೆ ಉದುರುತ್ತದೆ, ಆಗ ಹೊಸ ಬಾಡಿಗೆದಾರನಿಂದ ಅದೇ ಹಣ ಇನ್ನೊಮ್ಮೆ ವಸೂಲಾಗುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಕಂದು ಅಂಚಿನ ಉಂಗುರದಂಥ ಕಲೆ ಇದ್ದರೆ ಮೇಲಿಂದ ಸೋರಿಕೆ, ಮಾಲಕನದು. ಬಚ್ಚಲಿನ ಹಿಂಬದಿಯ ಗೋಡೆ ಬೇಸಗೆಯಲ್ಲೂ ಒದ್ದೆಯಾಗಿದ್ದರೆ ಒಳಗಿನ ಪೈಪೋ ಟೈಲ್ಸ್‌ನ ಸಂದಿಯೋ ಬಿಟ್ಟಿದೆ, ಅದೂ ಮಾಲಕನದು.

ಕಪಾಟಿನ ಹಿಂದೆ, ಕೋಣೆಯ ಮೂಲೆಯಲ್ಲಿ ಕಪ್ಪು ಚುಕ್ಕಿಗಳ ಬೂಷ್ಟು ಮಾತ್ರ ಚರ್ಚೆಗೆ ಅರ್ಹ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದರೆ, ಕಪಾಟನ್ನು ಗೋಡೆಗೆ ತಾಗಿಸಿಯೇ ಇಟ್ಟರೆ ಅದು ಬರುತ್ತದೆ. ಆದರೆ ಕೋಣೆಗೆ ಒಂದೇ ಕಿಟಕಿ, ಗಾಳಿ ಆಡುವ ದಾರಿಯೇ ಇಲ್ಲ ಎಂದಾದರೆ ಬಾಡಿಗೆದಾರನೊಬ್ಬನನ್ನೇ ದೂರುವುದು ಸರಿಯಲ್ಲ. ಬ್ಲೀಚಿಂಗ್ ಪುಡಿಯ ತಿಳಿನೀರಿನಲ್ಲಿ ಒರಸಿ, ಒಣಗಿಸಿ, ಆ ಭಾಗಕ್ಕೆ ಬಣ್ಣ ಹಚ್ಚುವ ಖರ್ಚನ್ನು ಅರ್ಧರ್ಧ ಮಾಡಿಕೊಳ್ಳುವುದು ನ್ಯಾಯ.

ಉಳಿದವು: ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಕಿಟಕಿಯ ಸರಳು, ಬಿಜಾಗರಿ ತುಕ್ಕು ಹಿಡಿಯುವುದು ಉಪ್ಪುಗಾಳಿಯಿಂದ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರದಿರುವುದು, ಹಂಚಿನ ಮಾಡಿನ ಪಕ್ಕಾಸು ರೀಪುಗಳಿಗೆ ಒರಲೆ ಹತ್ತುವುದು, ನಡೆದಾಡುವ ಜಾಗದಲ್ಲಿ ನೆಲದ ಹೊಳಪು ಮಾಸುವುದು ಸಹಜ ಸವೆತ. ಟೈಲ್ಸ್ ಒಡೆದಿದ್ದರೆ ಸುತ್ತಲೂ ನಾಣ್ಯದಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಪೂರ್ತಿ ತುಂಬಿಲ್ಲ, ಅದು ಹಾಸಿದವರ ದೋಷ. ಗಟ್ಟಿ ಸದ್ದು ಬಂದು, ಒಂದು ಬಿಂದುವಿನಿಂದ ನಕ್ಷತ್ರದಂತೆ ಬಿರುಕು ಹೊರಟಿದ್ದರೆ ಭಾರದ ವಸ್ತು ಬಿದ್ದಿದೆ.

ಬಾಡಿಗೆದಾರರು ತೆರಲೇಬೇಕಾದವೂ ಇವೆ. ಕೇಳದೆ ಎಸಿಗಾಗಿ ಗೋಡೆ ಕೊರೆದದ್ದು, ಮಕ್ಕಳ ಕ್ರೇಯಾನ್ ಚಿತ್ರ, ಇನ್ವರ್ಟರ್ ಬ್ಯಾಟರಿಯ ಆಸಿಡ್ ಚೆಲ್ಲಿದ ನೆಲ, ಒಡೆದ ವಾಶ್ ಬೇಸಿನ್, ನ್ಯಾಪ್ಕಿನ್ ಹಾಕಿ ಕಟ್ಟಿದ ಕಮೋಡಿನ ಪೈಪ್, ವರ್ಷಗಟ್ಟಲೆ ಒರಸದೆ ಅಡುಗೆಮನೆಯ ಗೋಡೆಗೆ ಮೆತ್ತಿದ ಎಣ್ಣೆ ಜಿಡ್ಡು. ಕ್ಯಾಲೆಂಡರಿನ ನಾಲ್ಕು ಮೊಳೆ ಬೇರೆ, ಡ್ರಿಲ್ ಮಾಡಿ ಕಪಾಟು ತೂಗಿಸಿದ ಹತ್ತು ತೂತು ಬೇರೆ.

ಬಾವಿಯ ಪಂಪಿನ ವಿಷಯದಲ್ಲಿ ಎರಡೂ ಕಡೆ ಕೂಗಾಟವೇ ಹೆಚ್ಚು. ಎಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಂಡಾಗ ನೀರಿಲ್ಲದೆ ಪಂಪು ಓಡಿಸಿದರೆ ಸೀಲ್ ಸುಡುತ್ತದೆ, ನೀರು ತಳ್ಳುವ ಚಕ್ರ (ಇಂಪೆಲ್ಲರ್) ಪ್ಲಾಸ್ಟಿಕ್‌ನದಾದರೆ ಕರಗುತ್ತದೆ; ಇದು ನೋಡಿಕೊಳ್ಳದೆ ಸ್ವಿಚ್ ಹಾಕಿದವರ ಹೊಣೆ. ಸೀಲ್, ಇಂಪೆಲ್ಲರ್ ಚೆನ್ನಾಗಿದ್ದು ಮೋಟಾರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಮಾತ್ರ ಸುಟ್ಟಿದ್ದರೆ ವೋಲ್ಟೇಜ್ ಏರಿಳಿತವೋ ಹಳೆಯ ಮೋಟಾರೋ ಕಾರಣವಾಗಿರುವ ಸಂಭವ ಹೆಚ್ಚು. ಕೆಪಾಸಿಟರ್ ಹೋಗುವುದು ಶುದ್ಧ ಸವೆತ, ಖರ್ಚೂ ಅಲ್ಪ. ಪಂಪು ಬಿಚ್ಚುವಾಗ ಇಬ್ಬರೂ ಎದುರಿಗಿರಬೇಕು. ಹಾಳಾದ ಭಾಗವನ್ನು ಇಟ್ಟುಕೊಂಡು, ಏನು ಹೋಗಿದೆ ಎಂದು ಮೆಕ್ಯಾನಿಕ್‌ನ ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು.

ಹಾನಿ ಬಾಡಿಗೆದಾರನದೇ ಎಂದು ಒಪ್ಪಿದ ಮೇಲೂ ಹೊಸದರ ಪೂರ್ತಿ ಬೆಲೆ ಕೇಳುವಂತಿಲ್ಲ. ಹಳೆಯದು ಹೋಗಿ ಹೊಸದು ಬಂದಾಗ ಮಾಲಕನಿಗೆ ಲಾಭವಾಗುತ್ತದೆ. ಆ ಲಾಭವನ್ನು ಕಳೆಯಬೇಕು. ನಮ್ಮ ಹವೆಯಲ್ಲಿ ಒಳಗೋಡೆಯ ಎಮಲ್ಶನ್‌ಗೆ ನಾಲ್ಕು ವರ್ಷ, ಡಿಸ್ಟೆಂಪರಿಗೆ ಎರಡು ವರ್ಷ ಬಾಳಿಕೆ ಎಂದು ಹಿಡಿದರೆ ಯಾರಿಗೂ ಅನ್ಯಾಯವಾಗದು. ಇಡೀ ಮನೆಗೆ ಎಮಲ್ಶನ್ ಬಳಿಯಲು 32,000 ರೂಪಾಯಿ, ಅದರಲ್ಲಿ ಚಾವಡಿಯ (ಹಾಲ್‌ನ) ಪಾಲು 8,000 ಎಂದುಕೊಳ್ಳೋಣ. ಮಕ್ಕಳು ಗೀಚಿದ್ದು ಚಾವಡಿಯ ಗೋಡೆಗಳಿಗೆ ಮಾತ್ರ, ಬಣ್ಣ ಬಳಿದು ಮೂರು ವರ್ಷವಾಗಿದೆ. ಉಳಿದ ಬಾಳಿಕೆ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಬಾಡಿಗೆದಾರ ಕೊಡಬೇಕಾದದ್ದು 2,000 ರೂಪಾಯಿ. ಮಿಕ್ಕ 30,000 ಮಾಲಕ ಹೇಗೂ ಮುಂದಿನ ವರ್ಷ ಮಾಡಬೇಕಿದ್ದ ಖರ್ಚು. ಗೀಸರ್, ಫ್ಯಾನ್, ನಳ್ಳಿಗೂ ಇದೇ ಲೆಕ್ಕ ಸಾಕು.

‘ಮೊಳೆ ಹೊಡೆದರೆ ಐದು ಸಾವಿರ’, ‘ಅವಧಿಗೆ ಮೊದಲು ಬಿಟ್ಟರೆ ಪೂರ್ತಿ ಅಡ್ವಾನ್ಸ್ ಇಲ್ಲ’ ಎಂಬಂಥ ಸಾಲುಗಳು ಕೆಲವು ಕರಾರುಗಳಲ್ಲಿ ಇರುತ್ತವೆ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ. ಬರೆದಿದೆ ಎಂದ ಮಾತ್ರಕ್ಕೆ ಐದು ಸಾವಿರವೂ ಮಾಲಕನದಾಗುವುದಿಲ್ಲ.

ಕರಾರು ಬರೆಯುವಾಗಲೇ ಜಗಳದ ಅರ್ಧ ಮುಗಿಸಬಹುದು. ಅಡ್ವಾನ್ಸ್ ಎಷ್ಟು, ಕೀ ಕೊಟ್ಟ ಎಷ್ಟು ದಿನದಲ್ಲಿ ವಾಪಸು, ಯಾವ ಖರ್ಚು ಮಾತ್ರ ಮುರಿಯಬಹುದು, ಕೊನೆಯ ಪೈಂಟಿಂಗ್ ಯಾವ ತಿಂಗಳು ಯಾವ ಬಣ್ಣದಿಂದ ಆಯಿತು, ಇವು ನಾಲ್ಕು ಇರಲೇಬೇಕು. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ನಗದಾದರೆ ರಶೀದಿ ಬೇಕು. ಭಾಷೆಯ ಬಗ್ಗೆಯೂ ಒಂದು ಮಾತು. ಕನ್ನಡ ಮಾತ್ರ ಓದಬಲ್ಲವರು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವ ಅಚ್ಚಿನ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕುವುದು ಈ ಜಿಲ್ಲೆಯಲ್ಲಿ ನಡೆಯಬಾರದು. ಖಾಸಗಿ ಕರಾರನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಒಂದು ವರ್ಷ ಮೀರಿದ ಅವಧಿಗಾದರೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ಎಲ್ಲೆಡೆ ಕಾಣುವುದು ಅದಕ್ಕೇ.

ಮನೆ ಹೊಕ್ಕುವ ದಿನ, ಸಾಮಾನು ಇಳಿಸುವ ಮೊದಲೇ, ಇಬ್ಬರೂ ಜತೆಯಾಗಿ ಕೋಣೆ ಕೋಣೆ ಸುತ್ತಿ ವಿಡಿಯೊ ತೆಗೆಯಬೇಕು. ಗೋಡೆಯ ಬುಡ, ಸ್ಲ್ಯಾಬಿನ ಮೂಲೆ, ಸಿಂಕಿನ ಅಡಿ, ಕಮೋಡಿನ ಹಿಂಬದಿ, ಕಪಾಟಿನ ಒಳಗು ಬಿಡಬಾರದು. ಪ್ರತಿ ನಳ್ಳಿ ತಿರುಗಿಸಿ, ಪ್ರತಿ ಸ್ವಿಚ್ ಹಾಕಿ ನೋಡಿ. ಕರೆಂಟ್ ಮೀಟರಿನ ರೀಡಿಂಗ್ ಫೋಟೊ ತೆಗೆಯಿರಿ. ಅದನ್ನೆಲ್ಲ ಅದೇ ದಿನ ಮಾಲಕನ ವಾಟ್ಸ್ಆ್ಯಪ್‌ಗೆ ಕಳುಹಿಸಿದರೆ ತಾರೀಕು ತಾನಾಗಿ ದಾಖಲಾಗುತ್ತದೆ. ವಾಸವಿರುವಾಗ ಸೋರಿಕೆ ಕಂಡರೆ ಬಾಯಲ್ಲಿ ಹೇಳಿ ಬಿಡಬೇಡಿ, ಬರೆದು ತಿಳಿಸಿ. ಮಾಲಕ ಮಾಡಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಸಕಾಲದಲ್ಲಿ ಮಾಡದಿದ್ದರೆ ತಾವೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಕಳೆಯಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಎಫ್ ಖಂಡ ಅವಕಾಶ ಕೊಡುತ್ತದೆ.

ಬಿಡುವಾಗ ಬಾಡಿಗೆದಾರರು ಮಾಡುವ ದೊಡ್ಡ ತಪ್ಪು, ‘ಅಡ್ವಾನ್ಸಲ್ಲಿ ಮುರಿದುಕೊಳ್ಳಿ’ ಎಂದು ಕೊನೆಯ ಎರಡು ಮೂರು ತಿಂಗಳ ಬಾಡಿಗೆ ನಿಲ್ಲಿಸುವುದು. ಹಣ ಸಿಗಲಿಕ್ಕಿಲ್ಲ ಎಂಬ ಭಯದಿಂದ ಹಾಗೆ ಮಾಡುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಬಾಡಿಗೆ ಬಾಕಿ ಎಂಬುದು ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಒಕ್ಕಲೆಬ್ಬಿಸಲು ಒಂದು ಕಾರಣ; ನ್ಯಾಯ ನಿಮ್ಮ ಕಡೆ ಇದ್ದಾಗ ಬಾಕಿದಾರರಾಗಿ ನಿಲ್ಲಬೇಡಿ. ಕೆಎಸ್ಇಬಿಯ (ಕೇರಳ ವಿದ್ಯುತ್ ಮಂಡಳಿಯ) ಮನೆ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಕೊನೆಯ ಬಿಲ್ಲು ನೀವು ಹೋದ ಮೇಲೆ ಬರುತ್ತದೆ. ಬಿಡುವ ದಿನದ ರೀಡಿಂಗ್ ಬರೆದು, ಹಿಂದಿನ ಬಿಲ್ಲಿನ ಲೆಕ್ಕದಲ್ಲಿ ಅಂದಾಜು ಮೊತ್ತ ಬಿಟ್ಟುಕೊಟ್ಟರೆ ಆ ನೆಪ ಮುಗಿಯಿತು. ಮನೆ ಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯ ಶುಲ್ಕವೂ ಬಾಕಿ ಇರಬಾರದು. ಕೀ ಕೊಟ್ಟದ್ದಕ್ಕೆ ತಾರೀಕು ಹಾಕಿದ ಒಂದು ಸಾಲಿನ ರಶೀದಿ ಪಡೆಯಿರಿ. ಇಲ್ಲವಾದರೆ ‘ಕೀ ಇನ್ನೂ ಬಂದಿಲ್ಲ’ ಎಂದು ಮುಂದಿನ ತಿಂಗಳ ಬಾಡಿಗೆಯನ್ನೂ ಕೇಳಬಹುದು.

ಮಾಲಕರ ಕಷ್ಟವನ್ನು ನಾನು ಮರೆತಿಲ್ಲ. ಗಲ್ಫಿನಲ್ಲಿ ದುಡಿದ ಹಣದಿಂದ ಎರಡು ಮನೆ ಕಟ್ಟಿ ಅದರ ಬಾಡಿಗೆಯಲ್ಲೇ ಬದುಕುವ ಕುಟುಂಬಗಳಿವೆ. ಬಿಲ್ಲು ಬಾಕಿ ಇಟ್ಟು, ಫ್ಯಾನನ್ನೂ ಬಿಚ್ಚಿಕೊಂಡು ಹೋಗುವ ಬಾಡಿಗೆದಾರರೂ ಇದ್ದಾರೆ. ಅಂಥವರ ವಿರುದ್ಧ ಮಾಲಕನಿಗೆ ಆಸರೆಯಾಗುವುದು ಇದೇ ವಿಡಿಯೊ, ಇದೇ ಲಿಖಿತ ಕರಾರು.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನ ಮಿತಿಯಾಗಿ ಹೇಳುತ್ತದೆ. ಅದರ ಪಟ್ಟಿಯಲ್ಲಿ ಗೋಡೆಗೆ ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲಕನ ಪಾಲಿಗೆ. ನಳ್ಳಿಯ ವಾಶರ್, ಸ್ವಿಚ್, ಕಿಟಕಿಯ ಗಾಜು, ಚರಂಡಿ ಶುಚಿ ಬಾಡಿಗೆದಾರನ ಪಾಲಿಗೆ. ರಾಜ್ಯ ಅಂಗೀಕರಿಸದೆ ಅದು ಕಾನೂನಲ್ಲ, ಆದರೂ ಕರಾರಿಗೆ ಆ ಪಟ್ಟಿಯನ್ನು ಲಗತ್ತಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹೊಸೂರು, ತಾಳವಾಡಿ ಕಡೆಯ ಕನ್ನಡಿಗರು ಗಮನಿಸಬೇಕಾದ್ದು: ತಮಿಳುನಾಡಿನ 2017ರ ಕಾಯ್ದೆಯಂತೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಿತಿ ಮೂರು ತಿಂಗಳ ಬಾಡಿಗೆ, ಮನೆ ಬಿಟ್ಟ ಒಂದು ತಿಂಗಳೊಳಗೆ ಬಾಕಿ ಕಳೆದು ಹಣ ವಾಪಸು.

ಹಣ ಕೊಡದಿದ್ದರೆ ಪೊಲೀಸ್ ಠಾಣೆಗೆ ಓಡಿ ಪ್ರಯೋಜನವಿಲ್ಲ, ಇದು ಸಿವಿಲ್ ವ್ಯಾಜ್ಯ. ಮೊದಲು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಪತ್ರ ಹಾಕಿ: ಕೊಟ್ಟ ಮೊತ್ತ, ಕೀ ಕೊಟ್ಟ ತಾರೀಕು, ಒಪ್ಪುವ ಕಡಿತ, ಒಪ್ಪದ ಕಡಿತ, 15 ದಿನದ ಗಡುವು. ಉತ್ತರ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲೂಕು ಸಮಿತಿಗೋ ವ್ಯಾಜ್ಯಪೂರ್ವ ಅರ್ಜಿ ಕೊಡಬಹುದು. ನ್ಯಾಯಾಲಯ ಶುಲ್ಕ ಇಲ್ಲ. ಅವರು ನಡೆಸುವ ಲೋಕ ಅದಾಲತ್‌ನಲ್ಲಿ ಇಬ್ಬರೂ ಒಪ್ಪಿ ಬರೆದ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿರುವುದರಿಂದ ಕನ್ನಡದಲ್ಲೇ ಬರೆಯಿರಿ. ರಾಜಿ ಆಗದಿದ್ದರೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಅಷ್ಟು ಕಾಯದೆ, ಸಾಕ್ಷ್ಯ ಕೈಯಲ್ಲಿರುವಾಗಲೇ ಹೊರಡಬೇಕು.

ತಮ್ಮ ಪತ್ರಿಕೆಯಲ್ಲಿ ಒಂದು ಕೋರಿಕೆ. ಮನೆ ಹೊಕ್ಕುವಾಗ ಮತ್ತು ಬಿಡುವಾಗ ತುಂಬಿಸುವ ಒಂದು ಪುಟದ ಕನ್ನಡ ಪಟ್ಟಿಯನ್ನು ಅಚ್ಚು ಹಾಕಬೇಕು. ಕೋಣೆಯ ಹೆಸರು, ವಸ್ತು, ಹೊಕ್ಕಾಗಿನ ಸ್ಥಿತಿ, ಬಿಟ್ಟಾಗಿನ ಸ್ಥಿತಿ, ಯಾರ ಹೊಣೆ, ಇಷ್ಟು ಅಂಕಣ. ಅಡಿಯಲ್ಲಿ ಮೀಟರ್ ರೀಡಿಂಗ್, ಕೀಗಳ ಸಂಖ್ಯೆ, ಇಬ್ಬರ ಸಹಿ. ಜನ ಅದನ್ನು ಕತ್ತರಿಸಿ ಝೆರಾಕ್ಸ್ ಮಾಡಿಕೊಳ್ಳುತ್ತಾರೆ. ಗ್ರಂಥಾಲಯಗಳೂ, ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಗಳೂ ಪ್ರತಿ ಇಟ್ಟುಕೊಂಡರೆ ಈ ಮಳೆಗಾಲ ಮುಗಿದು ಮನೆ ಬಿಡುವವರಿಗೇ ಉಪಯೋಗಕ್ಕೆ ಬಂದೀತು.

ಇತಿ,
ಕಟ್ಟಡ ಕೆಲಸದ ಮೇಲ್ವಿಚಾರಕ,
ಬದಿಯಡ್ಕ