ಮುಂಗಡ ಕೊಡುವ ಮೊದಲು ಫ್ರೆಂಚ್ ಕಲಿಯಿರಿ

ಮಾನ್ಯರೇ,

ಹುಬ್ಬಳ್ಳಿಯಲ್ಲಿ ಲೇತ್ ಮಶಿನ್ ನಡೆಸುವ ನನ್ನ ತಂಗಿಯ ಮಗನಿಗೆ ಕೆನಡಾಕ್ಕೆ ಕಳಿಸುವ ಏಜೆಂಟರೊಬ್ಬರು ‘ಕ್ವಿಬೆಕ್ ಆದ್ರ ಲಗೂನ ಆಗ್ತದ, ಫ್ರೆಂಚ್ ಅಲ್ಲಿ ಹೋಗಿ ಕಲತ್ರ ಆತು’ ಎಂದು ಹೇಳಿ ಮುಂಗಡ ಕೇಳಿದ್ದಾರೆ. ಕೆನಡಾದ ಫ್ರೆಂಚ್ ಭಾಷೆಯ ಪ್ರಾಂತ್ಯವಾದ ಈ ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲಿ ಸಂಸಾರ ಮಾಡುತ್ತಿರುವ ನನಗೆ ಇದನ್ನು ಕೇಳಿ ಸುಮ್ಮನಿರಲಾಗಲಿಲ್ಲ.

ಕೆನಡಾದ ಬೇರೆ ಪ್ರಾಂತ್ಯಗಳಿಗೆ ನಡೆಯುವ ಎಕ್ಸ್‌ಪ್ರೆಸ್ ಎಂಟ್ರಿ (ಕೇಂದ್ರ ಸರ್ಕಾರ ಅಂಕ ನೋಡಿ ವಲಸಿಗರನ್ನು ಆರಿಸುವ ಪದ್ಧತಿ) ಇಲ್ಲಿಗೆ ನಡೆಯುವುದಿಲ್ಲ. ಕೇಂದ್ರದೊಂದಿಗಿನ 1991ರ ಒಪ್ಪಂದದಂತೆ ಕುಶಲ ಕೆಲಸಗಾರರನ್ನು ಕ್ವಿಬೆಕ್ ತಾನೇ ಆರಿಸಿಕೊಳ್ಳುತ್ತದೆ. ಕ್ವಿಬೆಕ್ ಸರ್ಕಾರದ ‘ಅರಿಮಾ’ ಪೋರ್ಟಲ್‌ನಲ್ಲಿ ಹೆಸರು ಹಾಕಬೇಕು; ಅದಕ್ಕೆ ಶುಲ್ಕವೇ ಇಲ್ಲ. ಸರ್ಕಾರದಿಂದ ಆಹ್ವಾನ ಬಂದವರು ಮಾತ್ರ ಅರ್ಜಿ ಹಾಕಬಹುದು. ಆಯ್ಕೆ ಪತ್ರ ಸಿಕ್ಕರೂ ಪಿಆರ್ (ಕಾಯಂ ವಾಸದ ಅನುಮತಿ) ಕೊಡುವುದು ಕೇಂದ್ರ ಸರ್ಕಾರವೇ. ಎಂಜಿನಿಯರು, ನರ್ಸುಗಳಿಗೆ ಇಲ್ಲಿನ ವೃತ್ತಿ ಮಂಡಳಿಯ ಪರವಾನಗಿ ಬೇರೆ ಬೇಕು.

ಇನ್ನು ಫ್ರೆಂಚ್. ವರ್ಕ್‌ಶಾಪಿನಲ್ಲಿ ಮಶಿನ್ ಪಕ್ಕದ ಎಚ್ಚರಿಕೆ ಫಲಕ, ಸುರಕ್ಷತಾ ತರಬೇತಿ, ಸೂಪರ್‌ವೈಸರನ ಬೈಗುಳ ಎಲ್ಲವೂ ಅದರಲ್ಲೇ. ಇಲ್ಲಿಯವರ ಉಚ್ಚಾರಣೆಯೋ, ಪ್ಯಾರಿಸ್ಸಿನ ಕ್ಯಾಸೆಟ್ ಕೇಳಿ ಕಲಿತ ನನ್ನಂಥವಳನ್ನೂ ಕಂಗಾಲು ಮಾಡಿತ್ತು! ಕ್ವಿಬೆಕ್‌ನ 2022ರ ಭಾಷಾ ಕಾಯ್ದೆ ಬಂದಮೇಲೆ, ಹೊಸಬರೊಂದಿಗೆ ಆರು ತಿಂಗಳ ನಂತರ ಸರ್ಕಾರಿ ಕಚೇರಿಗಳ ವ್ಯವಹಾರ ಫ್ರೆಂಚಿನಲ್ಲೇ. ಆರೋಗ್ಯದಂಥ ಕೆಲವಕ್ಕೆ ವಿನಾಯಿತಿಯಿದೆ. ಸರ್ಕಾರದ ಉಚಿತ ತರಗತಿಗಳೇನೋ ಇವೆ, ಆದರೆ ದುಡಿದು ಬಂದು ಕ್ರಿಯಾಪದ ಉರುಹೊಡೆಯುವುದು ಹೇಳಿದಷ್ಟು ಸುಲಭವಲ್ಲ.

ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಚೆನ್ನಾಗಿ ಕಲಿಸುತ್ತಾರೆ. ಮುಂಗಡದ ದುಡ್ಡನ್ನು ಅಲ್ಲಿ ಕಟ್ಟು ಎಂದಿದ್ದೇನೆ. ಹುಡುಗನಿಗೆ ನನ್ನ ಮೇಲೆ ಸಿಟ್ಟು. ಏಜೆಂಟರು ಮಾತ್ರ ದಿನಾ ಫೋನ್ ಮಾಡುತ್ತಿದ್ದಾರಂತೆ.

– ಸುಮಂಗಲಾ, ಮಾಂಟ್ರಿಯಲ್