ಗ್ಯಾಸ್ಟ್ರಿಕ್ ಅಂತ ಸುಮ್ಮನಿರಬೇಡ, ಪುಟ್ಟಿ

ಪುಟ್ಟಿ,

ಭಾನುವಾರ ನೀನು ಸಿಟ್ಟಿನಲ್ಲಿ ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಫೋನಿನಲ್ಲಿ ನನಗೆ ದನಿ ಏರುತ್ತದೆ, ನಿನಗೂ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಪುಣೆಗೆ ಹೊರಡುವ ಮುಂಚೆ ಇದು ನಿನ್ನ ಕೈ ಸೇರಬೇಕು.

ಅಳಿಯಂದಿರಿಗೆ ಫೋನ್ ಮಾಡಿ ನಿನ್ನ ರಿಪೋರ್ಟಿನ ವಿಷಯ ಹೇಳಿದ್ದು ನಿನಗೆ ಸರಿಬರಲಿಲ್ಲ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಆದರೆ ‘ನಿಮ್ಮಪ್ಪನ ಹಾಗೇ ಹಟ’ ಅಂದೆನಲ್ಲ, ಆ ಮಾತು ಬೇಕಿರಲಿಲ್ಲ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಅಪ್ಪನ ವಿಷಯ ಇಲ್ಲಿ ಬರೆಯುವುದಿಲ್ಲ. ನೀನೂ ಅಲ್ಲೇ ಇದ್ದೆ. ಒಂದು ಲೆಕ್ಕ ಮಾತ್ರ ಹೇಳಬೇಕು. ಅವರಿಗೆ ಆಗ 51. ಅಪ್ಪನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಡಾಕ್ಟರುಗಳು ಅದನ್ನು ವಂಶದಿಂದ ಬಂದ ರಿಸ್ಕ್ ಅಂತ ಬರೆದುಕೊಳ್ಳುತ್ತಾರೆ. ನಿನ್ನ ಬ್ಯಾಂಕಿನ ಚೆಕಪ್ ಫಾರ್ಮಿನಲ್ಲಿ ಫ್ಯಾಮಿಲಿ ಹಿಸ್ಟರಿ ಅನ್ನೋ ಕಡೆ ನೀನು ‘ಇಲ್ಲ’ ಅಂತ ಟಿಕ್ ಹಾಕಿದ್ದೀಯ. ನೀನು ಕಳಿಸಿದ ಫೋಟೋದಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು ಅದನ್ನೇ. ಯಾಕೆ ಹಾಗೆ ಹಾಕಿದೆ ಅಂತ ಕೇಳುವುದಿಲ್ಲ. ನನಗೆ ಅರ್ಥ ಆಗುತ್ತದೆ. ಆದರೆ ಅದನ್ನು ನೋಡಿದ ಡಾಕ್ಟರಿಗೆ ನೀನು ಬೇರೆಯೇ ಹೆಂಗಸಾಗಿ ಕಾಣುತ್ತೀಯ.

ಮಗು ಹೊಟ್ಟೆಯಲ್ಲಿದ್ದಾಗ ಎಂಟನೇ ತಿಂಗಳಿನಲ್ಲಿ ನಿನಗೆ ಬಿಪಿ ಏರಿತ್ತು. ಕಾಲು ಊದಿತ್ತು, ಯೂರಿನ್‌ನಲ್ಲಿ ಪ್ರೋಟೀನ್ ಹೋಗುತ್ತಿತ್ತು. ಪ್ರೀಎಕ್ಲಾಂಪ್ಸಿಯಾ ಅಂದಿದ್ದರು. ಹೆರಿಗೆ ಆಯಿತು, ಬಿಪಿ ಇಳಿಯಿತು, ಅಲ್ಲಿಗೆ ಮುಗಿಯಿತು ಅಂತ ನೀನು ಅಂದುಕೊಂಡೆ. ಅದು ಮುಗಿಯುವಂಥದ್ದಲ್ಲ. ಬಸುರಿನಲ್ಲಿ ಹೀಗೆ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನೀನು ಪುಣೆಯಲ್ಲಿ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ನೀನಾಗಿ ಹೇಳಬೇಕು. ಅವರು ಕೇಳುವುದಿಲ್ಲ.

ಇನ್ನು ಈಗಿನ ರಿಪೋರ್ಟು. ಬಿಪಿ 148/94, ಖಾಲಿ ಹೊಟ್ಟೆಯ ಸಕ್ಕರೆ 116, ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ 158. ‘ಎಲ್ಲಾ ಬಾರ್ಡರ್ ಅಂತೆ ಅಮ್ಮ’ ಅಂದೆ. ಒಂದೊಂದನ್ನೇ ಬೇರೆ ಬೇರೆ ನೋಡಿದರೆ ಹಾಗೆ ಅನ್ನಿಸುತ್ತದೆ. ರಕ್ತನಾಳಕ್ಕೆ ಇವೆಲ್ಲ ಒಟ್ಟಿಗೇ ಬೀಳುತ್ತವೆ. ಬಿಪಿ ನಾಳದ ಒಳಗೋಡೆಯನ್ನು ಸವೆಸುತ್ತದೆ, ಸವೆದ ಕಡೆ ಕೊಬ್ಬು ಸೇರುತ್ತದೆ, ಸಕ್ಕರೆ ಜಾಸ್ತಿಯಾದರೆ ಎರಡೂ ಬೇಗ ಆಗುತ್ತವೆ. ಆ ಕೊಬ್ಬಿನ ಗಡ್ಡೆ ಒಂದು ದಿನ ಬಿರಿಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹಾರ್ಟ್ ಅಟ್ಯಾಕ್ ಅಂದರೆ ಇಷ್ಟೇ. ಗಡ್ಡೆ ದೊಡ್ಡದಾಗಿರಲೇಬೇಕು ಅಂತಿಲ್ಲ. ಅದಕ್ಕೇ ನಿನ್ನೆವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದವರು ಇವತ್ತು ಬೀಳುತ್ತಾರೆ.

2004ರಲ್ಲಿ ಇಂಟರ್‌ಹಾರ್ಟ್ ಅನ್ನೋ ದೊಡ್ಡ ಅಧ್ಯಯನ ಬಂತು. 52 ದೇಶಗಳ ರೋಗಿಗಳನ್ನು ನೋಡಿದ್ದರು. ಅದನ್ನು ನಡೆಸಿದ ಸಲೀಂ ಯೂಸುಫ್ ಅವರು ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ. ಮೊದಲ ಸಲದ ಹಾರ್ಟ್ ಅಟ್ಯಾಕಿಗೆ ಕಾರಣಗಳಲ್ಲಿ ನೂರಕ್ಕೆ ತೊಂಬತ್ತು ಪಾಲು ಒಂಬತ್ತೇ ವಿಷಯಗಳಲ್ಲಿ ಅಡಗಿದೆ ಅಂತ ಅದರಲ್ಲಿ ಗೊತ್ತಾಯಿತು. ಬೀಡಿ-ಸಿಗರೇಟು, ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಮೈ ಬಗ್ಗಿಸದಿರುವುದು, ಕುಡಿತದ ವಿಷಯ. ಬೇರೆ ದೇಶದವರಿಗೆ ಮೊದಲ ಅಟ್ಯಾಕ್ ಸರಾಸರಿ 59ರ ಸುಮಾರಿಗೆ ಆದರೆ ನಮ್ಮ ದಕ್ಷಿಣ ಏಷ್ಯಾದವರಿಗೆ 53ಕ್ಕೇ ಆಗುತ್ತಿತ್ತು. ‘ನನಗಿನ್ನೂ ಮೂವತ್ತಾರು’ ಅನ್ನೋ ನಿನ್ನ ಮಾತು ನನಗೆ ಸಮಾಧಾನ ಕೊಡದೆ ಇರೋದು ಇದಕ್ಕೇ.

2025ರ ಜೂನ್, ಜುಲೈಯಲ್ಲಿ ಹಾಸನದಲ್ಲಿ ಹಾರ್ಟ್ ಅಟ್ಯಾಕಿನಿಂದ ಸಾಲುಸಾಲು ಸಾವು ಅಂತ ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೆ ಅದೇ ಸುದ್ದಿ ಬರುತ್ತಿದ್ದಾಗ ನೀನು ದಿನಾ ಫೋನ್ ಮಾಡಿ ನನ್ನನ್ನು ವಿಚಾರಿಸುತ್ತಿದ್ದೆ. ಮೈಸೂರಿನ ಜಯದೇವ ಹೃದಯದ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದರು. ಲಸಿಕೆಯಿಂದ ಅಂತ ಕೆಲವರು, ನೀರಿನಿಂದ ಅಂತ ಕೆಲವರು. ಜಯದೇವದ ನಿರ್ದೇಶಕರ ಮುಂದಾಳತ್ವದ ಸಮಿತಿ ಒಂದೊಂದು ಸಾವನ್ನೂ ಪರಿಶೀಲಿಸಿದಾಗ ಕೆಲವು ಹೃದಯದ್ದೇ ಅಲ್ಲ ಅಂತ ಗೊತ್ತಾಯಿತು. ಉಳಿದವರಲ್ಲಿ ಕಂಡಿದ್ದು ಹೊಸ ರೋಗವಲ್ಲ. ಅದೇ ಬಿಪಿ, ಅದೇ ಸಕ್ಕರೆ, ಅದೇ ಸಿಗರೇಟು, ಕುಡಿತ, ಬೊಜ್ಜು. ಆಟೊ, ಕ್ಯಾಬ್ ಓಡಿಸುವವರೂ ಇದ್ದರು. ಆಗ ನನಗೋಸ್ಕರ ಅಷ್ಟು ಹೆದರಿದವಳು ನಿನ್ನ ರಿಪೋರ್ಟನ್ನು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಓಡಾಡುತ್ತಿದ್ದೀಯ.

ನನಗೆ ನಿಜವಾಗಿ ಹೇಳಬೇಕಿರೋದು ಬೇರೆ. ನೀನು ಆಗಾಗ ಪ್ಯಾಂಟಾಪ್ ನುಂಗುತ್ತೀಯಂತೆ, ಗ್ಯಾಸ್ಟ್ರಿಕ್ ಅಂತ. ಅದನ್ನು ಕೇಳಿದಾಗಿನಿಂದ ನನಗೆ ಒಬ್ಬಳು ಕಣ್ಣಮುಂದೆಯೇ ಇದ್ದಾಳೆ.

ನಾನು ಸಕಲೇಶಪುರದ ಕಡೆ ನರ್ಸ್ ಕೆಲಸದಲ್ಲಿದ್ದೆ. ಕಾಫಿ ಕೊಯ್ಲಿನ ಕಾಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ನಡೆದುಕೊಂಡೇ ಕ್ಯಾಜುವಾಲ್ಟಿಗೆ ಬಂದಳು. ಚೀಟಿಯಲ್ಲಿ 44 ವರ್ಷ ಅಂತಿತ್ತು. ಒಗೆದ ಸೀರೆ, ಹಣೆಗೆ ಕುಂಕುಮ, ತಲೆ ಬಾಚಿ ಹೂ ಮುಡಿದಿದ್ದಳು. ‘ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್, ಒಂದು ಇಂಜೆಕ್ಷನ್ ಹಾಕಿ, ಹೊರಡ್ತೀನಿ, ಲೈನ್ ಮನೆಯಲ್ಲಿ ಮಗು ಒಂದೇ ಇದೆ’ ಅಂದಳು. ನೋಡಿದರೆ ಏನೂ ಆದಂತಿರಲಿಲ್ಲ. ಮಂಚದ ಮೇಲೆ ಮಲಗಿಸುವಾಗ ಬೆನ್ನಿಗೆ ಕೈ ಕೊಟ್ಟೆ. ಆ ಚಳಿಯಲ್ಲಿ ರವಿಕೆಯ ಬೆನ್ನು ಪೂರ್ತಿ ಒದ್ದೆ.

ಕೇಳುತ್ತಾ ಹೋದಂತೆ ಒಂದೊಂದೇ ಹೇಳಿದಳು. ಹಿಂದಿನ ರಾತ್ರಿ ಎಂಟಕ್ಕೆ ಶುರುವಾಗಿದ್ದು. ಎದೆನೋವು ಇಲ್ಲ. ಬೆನ್ನಿನ ಮೇಲೆ ಕಾಫಿ ಮೂಟೆ ಇಟ್ಟಂತೆ ಭಾರ. ಎರಡೂ ಕಡೆ ದವಡೆ ಸೆಳೆತ, ಹಲ್ಲುನೋವು ಅಂದುಕೊಂಡಳು. ವಾಂತಿ ಆಯಿತು, ಪಿತ್ತ ಅಂದುಕೊಂಡಳು. ಜೀರಿಗೆ ಕಷಾಯ ಕುಡಿದಳು, ಸೋಡಾ ತರಿಸಿ ಕುಡಿದಳು, ಬೆನ್ನಿಗೆ ಅಮೃತಾಂಜನ ತಿಕ್ಕಿಸಿಕೊಂಡಳು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿದ್ದಳು. ಬೆಳಗಾದ ಮೇಲೆ ಎದ್ದು ನೀರು ಹಿಡಿದು, ಅಕ್ಕಿರೊಟ್ಟಿ ತಟ್ಟಿ, ಗಂಡನಿಗೂ ಮಗನಿಗೂ ಡಬ್ಬಿ ಕಟ್ಟಿ, ಸ್ನಾನ ಮಾಡಿ, ಆಮೇಲೆ ತೋಟದಿಂದ ರೋಡಿನವರೆಗೆ ನಡೆದು ಬಂದು ಬಸ್ಸಿಗೆ ಕಾದಳು.

ಇಸಿಜಿಗೆ ಕೈ ಹಿಡಿದಾಗ ಬೆರಳ ಸಂದಿಯಲ್ಲಿ ಕಾಫಿ ಹಣ್ಣಿನ ಕಲೆ ಕಪ್ಪಗೆ ಅಂಟಿತ್ತು, ಸ್ನಾನ ಮಾಡಿದರೂ ಹೋಗದ ಕಲೆ. ಪೇಪರು ಹೊರಗೆ ಬರುತ್ತಿದ್ದಂತೆ ಡಾಕ್ಟರ ಮುಖ ನೋಡಿದೆ. ಹೃದಯದ ಮುಂಭಾಗ ತೋರಿಸುವ ಗೆರೆಗಳಲ್ಲೆಲ್ಲ ಎಸ್‌ಟಿ ಅನ್ನೋ ಭಾಗ ಮೇಲಕ್ಕೆದ್ದಿತ್ತು, ನಾಳ ಮುಚ್ಚಿದೆ ಅನ್ನೋ ಗುರುತು. ಕ್ಯೂ ವೇವ್ ಆಗಲೇ ಬಿದ್ದಿತ್ತು. ಅಂದರೆ ಅಷ್ಟು ಹೊತ್ತಿಗೆ ಮಾಂಸಖಂಡ ಸಾಯುತ್ತಾ ಬಂದಿದೆ ಅಂತ. ಹೆಪ್ಪು ಕರಗಿಸುವ ಇಂಜೆಕ್ಷನ್ 12 ಗಂಟೆಯ ಒಳಗೆ ಕೊಡಬೇಕು, ಮೊದಲ ಎರಡು ಮೂರು ಗಂಟೆಯಲ್ಲಿ ಕೊಟ್ಟರೆ ಅದರ ಗುಣವೇ ಬೇರೆ. ಅವಳು ಬಂದಿದ್ದು 14 ಗಂಟೆ ಆದಮೇಲೆ. ಆಂಬುಲೆನ್ಸಿನಲ್ಲಿ ಹಾಸನಕ್ಕೆ, ಅಲ್ಲಿಂದ ಮೈಸೂರಿಗೆ ಕಳಿಸಿದರು.

ಬದುಕಿದಳು. ಅದನ್ನೇ ಎಲ್ಲರೂ ದೊಡ್ಡದು ಅಂದರು. ಆದರೆ ಎಕೋದಲ್ಲಿ ಇಎಫ್ 30 ಬಂತು. ಹೃದಯ ಒಂದು ಸಲ ಹಿಂಡಿದಾಗ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಹೊರಗೆ ದೂಡುತ್ತದೆ ಅನ್ನೋ ಲೆಕ್ಕ ಅದು. ಚೆನ್ನಾಗಿರುವ ಹೃದಯಕ್ಕೆ 55ರ ಮೇಲಿರುತ್ತದೆ. ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ, ಗಾಯದ ಕಲೆಯಾಗಿ ಉಳಿಯುತ್ತದೆ. ಆಮೇಲೆ ತಿಂಗಳು ತಿಂಗಳು ಮಾತ್ರೆಗೆ ಬರುತ್ತಿದ್ದಳು. ಆಸ್ಪತ್ರೆಯ ನಾಲ್ಕು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಲ್ಲುತ್ತಿದ್ದಳು. ಕಾಲು ಊದುತ್ತಿತ್ತು, ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಕೊಯ್ಲಿಗೆ ಮತ್ತೆ ಹೋಗಲಿಲ್ಲ. ಹಾರ್ಟ್ ಅಟ್ಯಾಕ್ ಅಂದರೆ ಸಾವು ಇಲ್ಲವೇ ಉಳಿವು ಅಂತ ಜನ ಮಾತಾಡುತ್ತಾರೆ, ಪುಟ್ಟಿ. ನಡುವೆ ಇಂಥದ್ದೊಂದು ಇದೆ.

ನಾನು ನಿವೃತ್ತಿಯಾಗುವ ಮುಂಚೆ ಒಬ್ಬ ಆಟೊದವನು ಬಂದಿದ್ದ. ಅವನಿಗೂ ನಲವತ್ತರ ಮೇಲೆ, ಅವನದೂ ಮುಂಭಾಗದ ಅದೇ ನಾಳ. ನೋವು ಬಂದು ಒಂದು ಗಂಟೆಯೂ ಆಗಿರಲಿಲ್ಲ, ಸ್ಟ್ಯಾಂಡಿನ ಗೆಳೆಯರು ಎತ್ತಿಕೊಂಡು ಬಂದರು. ಅಷ್ಟರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಡಾಕ್ಟರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಅಲ್ಲೇ ಕೊಡುತ್ತಾರೆ. ಕೊಟ್ಟ ಒಂದೂವರೆ ಗಂಟೆಗೆ ಎಸ್‌ಟಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು, ನೋವು ಹೋಗಿತ್ತು. ಆಮೇಲೆ ಸ್ಟೆಂಟ್ ಹಾಕಿಸಿಕೊಂಡು ಬಂದ. ಬೀಡಿ ಬಿಟ್ಟ. ಈಗಲೂ ಗಾಡಿ ಓಡಿಸುತ್ತಾನೆ, ನನ್ನನ್ನು ಕಂಡರೆ ನಿಲ್ಲಿಸಿ ಮಾತಾಡಿಸುತ್ತಾನೆ. ಅವನ ವಿಷಯ ಇಷ್ಟೇ.

ಅವಳದು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಅಷ್ಟು ನೋವಿನಲ್ಲಿ ಹೂ ಯಾಕೆ ಮುಡಿದಳು? ಆಸ್ಪತ್ರೆ ಅಂದರೆ ನಾಲ್ಕು ಜನರ ಎದುರಿಗೆ ಹೋಗೋದು, ನೀಟಾಗಿ ಹೋಗಬೇಕು ಅನ್ನೋ ಅಭ್ಯಾಸ. ಡಬ್ಬಿ ಕಟ್ಟದೆ ಹೊರಟರೆ ಮನೆಯವರು ಉಪವಾಸ ಇರುತ್ತಾರೆ ಅನ್ನೋ ಅಭ್ಯಾಸ. ರಾತ್ರಿ ಗಂಡನನ್ನು ಎಬ್ಬಿಸಿದರೆ ಬೆಳಿಗ್ಗೆ ಅವನ ಕೆಲಸ ಕೆಡುತ್ತದೆ ಅಂತ ಸುಮ್ನೆ ಕೂತಿದ್ದಳಂತೆ. ಅವಳೇ ಹೇಳಿದ್ದು. ನೀನು ಮ್ಯಾನೇಜರ್, ಅವಳು ಕೊಯ್ಲಿನವಳು. ಈ ಒಂದು ವಿಷಯದಲ್ಲಿ ನೀವಿಬ್ಬರೂ ಒಂದೇ. 101 ಜ್ವರ ಇಟ್ಟುಕೊಂಡು, ಮಗುವಿನ ಡಬ್ಬಿ ಕಟ್ಟಿ, ಇಸ್ತ್ರಿ ಸೀರೆ ಉಟ್ಟು ಬ್ರಾಂಚಿಗೆ ಹೋದವಳು ನೀನು. ಆಗ ನಾನೂ ‘ನನ್ನ ಮಗಳು ಗಟ್ಟಿ’ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಇನ್ನು ಹೇಳುವುದಿಲ್ಲ.

ಹೆಂಗಸರಿಗೂ ಎದೆನೋವೇ ಹೆಚ್ಚಾಗಿ ಬರುವುದು, ಅದು ನಿಜ. ಆದರೆ ಉಸಿರು ಕಟ್ಟುವುದು, ಬೆನ್ನು, ದವಡೆ, ಭುಜ, ಹೊಟ್ಟೆಯ ಮೇಲ್ಭಾಗದ ನೋವು, ವಾಕರಿಕೆ, ತಣ್ಣನೆ ಬೆವರು, ಕಾರಣವಿಲ್ಲದ ಸುಸ್ತು ಇವು ಗಂಡಸರಿಗಿಂತ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೆ ನೋವೇ ಗೊತ್ತಾಗದೆ ಆಗಿಹೋಗುವುದೂ ಉಂಟು. ಪುಣೆಯಲ್ಲಿ ನೀನು ಒಬ್ಬಳೇ ಇರುತ್ತೀಯ. ಅಂಥದ್ದೇನಾದರೂ ಬಂದು ಹತ್ತು ಹದಿನೈದು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಫೋನ್ ಮಾಡು, ಅಲ್ಲೂ ಅದೇ ನಂಬರ್. ಸ್ಕೂಟಿ ತೆಗೆಯಬೇಡ. ಬಾಗಿಲ ಚಿಲಕ ತೆಗೆದಿಟ್ಟು ಕೂರು. ಅಲರ್ಜಿ ಇಲ್ಲ, ರಕ್ತಸ್ರಾವ ಇಲ್ಲ ಅಂದರೆ 300ರ ಆಸ್ಪಿರಿನ್ ಒಂದು ಅಗಿದು ನುಂಗು. ನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ಯಾರೋ ಹೇಳಿದರು ಅಂತ ನಾಲಿಗೆ ಕೆಳಗೆ ಇಡಬೇಡ, ಬಿಪಿ ಧಡಕ್ಕನೆ ಬೀಳಬಹುದು. ಆಸ್ಪತ್ರೆಗೆ ಹೋದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, ಕೇಳಿ ಮಾಡಿಸಿಕೋ. ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಬರಬೇಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ಹೃದಯಕ್ಕೆ ಪೆಟ್ಟಾಗಿದೆಯೇ ಅಂತ ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ನೋಡಬೇಕು. ‘ಟೆನ್ಷನ್ ಅಷ್ಟೇ ಮೇಡಂ’ ಅಂತ ಯಾರಾದರೂ ಅಂದರೆ ನಿಮ್ಮಪ್ಪನ ವಯಸ್ಸು ಹೇಳು.

ಪಾಠ ಶುರುಮಾಡಿಬಿಟ್ಟೆ, ಅಲ್ವಾ. ಆದರೂ ಹೇಳಿ ಮುಗಿಸುತ್ತೇನೆ. ರಾತ್ರಿ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಆಮೇಲೆ ಉಪ್ಪಿನಕಾಯಿ ಅನ್ನ ತಿನ್ನೋದು ಬಿಡು. ದಿನಾ ಅರ್ಧ ಗಂಟೆ ಬಿರುಸಾಗಿ ನಡಿ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು. ಡಾಕ್ಟರು ಬಿಪಿಗೋ ಕೊಲೆಸ್ಟ್ರಾಲಿಗೋ ಮಾತ್ರೆ ಬರೆದರೆ ಯೂಟ್ಯೂಬ್ ನೋಡಿ ನಿಲ್ಲಿಸಬೇಡ.

ಪ್ರೊಮೋಷನ್ ಬೇಡ ಅಂತ ನಾನು ಒಂದು ದಿನವೂ ಅಂದವಳಲ್ಲ. ನಮ್ಮ ಮನೆಯಿಂದ ಪುಣೆಗೆ ಅಧಿಕಾರಿಯಾಗಿ ಹೋಗುವ ಮೊದಲ ಹೆಣ್ಣು ನೀನು. ಆರ್ಡರ್ ಕಾಪಿಯ ಫೋಟೋವನ್ನು ನಿಮ್ಮ ಚಿಕ್ಕಮ್ಮನಿಗೆ, ಪಕ್ಕದ ಮನೆಯವರಿಗೆ, ಹಾಲಿನವನಿಗೂ ತೋರಿಸಿದ್ದೇನೆ. ಹೋಗು. ಬಿಪಿ ಎಷ್ಟಿದೆ ಅಂತ ತಿಳಿದುಕೊಂಡು ಹೋಗು.

ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನನ್ನ ಬಿಪಿ ಮಷಿನ್ ನಿನಗೆ ಕೊಡುತ್ತೇನೆ. ಒಂದು ವಾರ ಬೆಳಿಗ್ಗೆ ಸಂಜೆ, ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ನೋಡಿ ಬರೆದಿಡು. ಮನೆಯಲ್ಲಿ ನೋಡಿದ್ದು ಸರಾಸರಿ 135/85ರ ಮೇಲೆ ಬಂದರೆ ಆಸ್ಪತ್ರೆಯ ಗಾಬರಿಯಿಂದ ಏರಿದೆ ಅನ್ನೋ ನೆಪ ನಡೆಯುವುದಿಲ್ಲ. ಶನಿವಾರ ಬೆಳಿಗ್ಗೆ ಏನೂ ತಿನ್ನದೆ ಇರು, ಫಿಜಿಷಿಯನ್ ಹತ್ತಿರ ಹೋಗೋಣ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಮಾಡಿಸಬೇಕು. ಲೈಪೋಪ್ರೋಟೀನ್-ಎ ಅಂತ ಇನ್ನೊಂದಿದೆ, ವಂಶದಿಂದ ಬರುವಂಥದ್ದು, ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು, ಅದನ್ನೂ ಕೇಳೋಣ. ದುಡ್ಡು ನಾನು ಕೊಡುತ್ತೇನೆ, ಅದಕ್ಕೆ ಜಗಳ ತೆಗೆಯಬೇಡ. ಹೆರಿಗೆಯ ಡಿಸ್ಚಾರ್ಜ್ ಕಾರ್ಡು ನನ್ನ ಬೀರುವಿನಲ್ಲೇ ಇತ್ತು, ಅದನ್ನೂ ತರುತ್ತಿದ್ದೇನೆ.

ನಿನ್ನ
ಅಮ್ಮ