ಅರ್ಜಿಯಲ್ಲಿ ತಮಟೆ ಎಲ್ಲಿದೆ?

ಪ್ರೀತಿಯ ಪುಟ್ಟಿಗೆ, ಮಾವನ ಜೈಭೀಮ್.

ನೀನು ಕಳಿಸಿದ ಸ್ಕಾಲರ್‌ಶಿಪ್ ಅರ್ಜಿಯ ಕರಡು ಓದಿದೆ. ಎರಡು ಪುಟ ಇದೆ. ಅದರಲ್ಲಿ ಒಂದೂವರೆ ಪುಟ ನಮ್ಮ ಕೇರಿಯ ಬಡತನ, ನಮಗಾದ ಅವಮಾನ, ನಿಮ್ಮಮ್ಮ ಪಟ್ಟ ಪಾಡು. ಎಲ್ಲಾ ನಿಜ, ಒಂದಕ್ಷರ ಸುಳ್ಳಿಲ್ಲ. ಆದರೆ ತಮಟೆ ಎಲ್ಲಿ? ಕಡೆಗೆ ಒಂದು ಸಾಲು: ‘ನಾನು ತಮಟೆ ಕಲಾವಿದೆ, ದಯವಿಟ್ಟು ಸಹಾಯ ಮಾಡಬೇಕಾಗಿ ವಿನಂತಿ.’ ಓದಿದವರು ಅಯ್ಯೋ ಪಾಪ ಅನ್ನುತ್ತಾರೆ, ಮುಂದಿನ ಅರ್ಜಿ ಕೈಗೆತ್ತಿಕೊಳ್ಳುತ್ತಾರೆ.

ನೀನು ದಾನ ಕೇಳುತ್ತಿಲ್ಲ ಕಣೆ. ಜಾತಿ ಪ್ರಮಾಣಪತ್ರ ಕೇಳಿದ್ದರೆ ಲಗತ್ತಿಸು, ಅದರ ಕೆಲಸ ಅದು ಮಾಡುತ್ತದೆ. ಉಳಿದ ಜಾಗದಲ್ಲಿ ನಿನ್ನ ಕೈಲಿ ಏನಿದೆ ಅಂತ ಬರಿ. ಸಾವಿಗೆ ಬಾರಿಸುವ ಏಟು ಬೇರೆ, ಮಾರಿಹಬ್ಬದ್ದು ಬೇರೆ, ಮದುವೆ ಮೆರವಣಿಗೆಯದು ಬೇರೆ. ಯಾವುದು ನಿನಗೆ ಚೆನ್ನಾಗಿ ಬರುತ್ತದೆ, ಯಾವುದು ಇನ್ನೂ ಬಂದಿಲ್ಲ? ತಾತ ಬಾರಿಸುವಾಗ ಬಲಗೈಯ ದಪ್ಪ ಕಡ್ಡಿ ಹೆಜ್ಜೆ ಹಿಡಿದಿರುತ್ತದೆ, ಎಡಗೈಯ ತೆಳು ಕಡ್ಡಿ ನಡುನಡುವೆ ತುಂಬಿಕೊಂಡು ಬರುತ್ತದೆ. ನಿನ್ನ ಎಡಗೈ ಇನ್ನೂ ಹಿಂದೆ ಬೀಳುತ್ತದೆ ಅಂತ ಹೋದ ಯುಗಾದಿಗೆ ತಾತನೇ ಹೇಳಿದ್ದು ನೆನಪಿದೆಯಲ್ವಾ? ಅದನ್ನೇ ಬರಿ. ಎರಡು ವರ್ಷದಲ್ಲಿ ಆ ಎಡಗೈ ಸರಿಮಾಡಿಕೊಳ್ಳುತ್ತೇನೆ, ತಾತನಿಗೆ ಮಾತ್ರ ಗೊತ್ತಿರುವ ಏಟುಗಳನ್ನು ಕಲಿತು ರೆಕಾರ್ಡ್ ಮಾಡಿಡುತ್ತೇನೆ ಅಂತ ಬರಿ. ಫೈಬರ್ ತಮಟೆ ಬಂದ ಮೇಲೆ ಚರ್ಮವನ್ನು ಬೆಂಕಿಗೆ ಹಿಡಿದು ಹದ ನೋಡುವುದು ನಿನ್ನ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಗೊತ್ತು? ನಿನಗೆ ಗೊತ್ತಿದೆ. ಅದೂ ಒಂದು ವಿದ್ಯೆ, ಅದನ್ನೂ ಸೇರಿಸು.

ಈಗ ಗುರುವಿನ ವಿಷಯ. ಗುರು ಅನ್ನುವ ಜಾಗದಲ್ಲಿ ಆ ನಾಟಕ ತಂಡದ ನಿರ್ದೇಶಕರ ಹೆಸರು ಹಾಕಿದ್ದೀಯ. ಯಾಕೆ ಅಂತ ಗೊತ್ತು. ಅವರ ಹತ್ತಿರ ಲೆಟರ್‌ಹೆಡ್ ಇದೆ, ಸೀಲ್ ಇದೆ. ತಾತನಿಗೆ ಹೆಬ್ಬೆಟ್ಟು. ಇರಲಿ, ಹೆಬ್ಬೆಟ್ಟೇ ಒತ್ತಿಸು. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್‌ಗೆ 18ರಿಂದ 25 ವರ್ಷದೊಳಗಿರಬೇಕು, ಗುರುವಿನ ಬಳಿ ಕಡಿಮೆ ಅಂದರೂ 5 ವರ್ಷ ಕಲಿತಿರಬೇಕು. ನೀನು ಆ 5 ವರ್ಷ ಕಲಿತದ್ದು ಯಾರ ಹತ್ತಿರ? ಬೇಕಾದರೆ ತಾತನೇ ಕಲಿಸಿದ್ದು ಅನ್ನುವ ಪತ್ರವನ್ನು ನಾನು ಬರೆದುಕೊಡುತ್ತೇನೆ, ತಾತನಿಗೆ ಓದಿ ಹೇಳಿ ಒತ್ತಿಸಿಕೋ.

ನಿರ್ದೇಶಕರು ಬೇಡ ಅಂತಲ್ಲ. ರಂಗದ ಮೇಲೆ ಹೇಗೆ ನಿಲ್ಲಬೇಕು, ಬೆಳಕು ಎಲ್ಲಿ ಬೀಳುತ್ತದೆ, ಕಾರ್ಯಕ್ರಮದ ದರ ಹೇಗೆ ಮಾತಾಡಬೇಕು, ಇದೆಲ್ಲ ತಾತನಿಗೆ ತಿಳಿಯದು. ಅದಕ್ಕೆ ಅವರಂಥವರು ಬೇಕು. ಮುಂದೆ ಮನಸ್ಸಿದ್ದರೆ ಹೆಗ್ಗೋಡಿನ ನೀನಾಸಂಗೂ ಹೋಗು, 1980ರಿಂದ ಅಲ್ಲಿ ಕನ್ನಡದಲ್ಲೇ ರಂಗಶಿಕ್ಷಣ ನಡೆಯುತ್ತಿದೆ. ಆದರೆ ದಾರಿ ತೋರಿಸುವವರು ನಿನ್ನ ಮಾಲೀಕರಾಗಬಾರದು. ನಾಲ್ಕು ಸಲ ಕರೆದು ನಾಟಕದ ಶುರುವಿಗೆ ಒಂದು ನಿಮಿಷ ತಮಟೆ ಬಾರಿಸಿಸಿ, ಫೋಟೋ ಹಾಕಿಕೊಂಡು, ಪಾತ್ರ ಮಾತ್ರ ಬೇರೆಯವರಿಗೆ ಕೊಟ್ಟರೆ ಅದೇನು ಅಂತ ನಿನಗೇ ತಿಳಿಯುತ್ತದೆ.

ಜೋಗತಿ ಕುಣಿತದ ಮಂಜಮ್ಮ ಜೋಗತಿ ಅವರನ್ನೇ ನೋಡು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಅವರಿಗೆ ಕಾಳವ್ವ ಜೋಗತಿ ಸಿಕ್ಕಿದ್ದರು. ಕುಣಿತ ಕಲಿಸಿದ್ದು, ತಂಡದಲ್ಲಿ ಜಾಗ ಕೊಟ್ಟಿದ್ದು ಅವರು. ಕಾಳವ್ವ ಹೋದ ಮೇಲೆ ತಂಡ ನಡೆಸಿದ್ದು ಮಂಜಮ್ಮ. ಆಗ ಇವರಿಗೆಲ್ಲ ಯಾವ ಲೆಟರ್‌ಹೆಡ್ ಇತ್ತು?

ನಿಮ್ಮಪ್ಪ ಬೈದರಂತೆ. ‘ನಾವು ಬಿಟ್ಟುಬಂದದ್ದನ್ನು ನೀನು ಕೊರಳಿಗೆ ಹಾಕಿಕೊಳ್ತೀಯಾ’ ಅಂದರಂತೆ. ಭಾವನ ಮೇಲೆ ಸಿಟ್ಟಾಗಬೇಡ. ಎಪ್ಪತ್ತು, ಎಂಬತ್ತರ ದಶಕದ ದಲಿತ ಚಳವಳಿಯಲ್ಲಿ ಎಷ್ಟೋ ಕೇರಿಗಳು ಇನ್ನು ಊರಿನ ಸಾವಿಗೆ ತಮಟೆ ಬಾರಿಸಲ್ಲ ಅಂತ ನಿಂತವು. ಬಿಟ್ಟಿ ಚಾಕರಿ ಅದು. ಕರೆದರೆ ಹೋಗಲೇಬೇಕು, ಇಲ್ಲ ಅನ್ನುವ ಹಾಗಿಲ್ಲ. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಮುಂದೆ ಇದ್ದದ್ದೂ ಇದೇ ತಮಟೆ. ನನಗೆ ಎರಡೂ ಸರಿ ಅನಿಸುತ್ತದೆ. ಇಲ್ಲ ಅನ್ನುವ ಅಧಿಕಾರ ನಿನ್ನ ಕೈಲಿದೆಯಾ, ಕೂಲಿ ಸರಿಯಾಗಿ ಬರುತ್ತಾ, ಅಷ್ಟೇ ಪ್ರಶ್ನೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಆ ಸುದ್ದಿ ಹೇಳಿದಾಗ ಭಾವ ಏನೂ ಮಾತಾಡಲಿಲ್ಲ, ಆದರೆ ಪೇಪರ್ ಎತ್ತಿಟ್ಟುಕೊಂಡರು.

ಕೂಲಿ ಅಂದೆನಲ್ಲ, ಅದು ನಿನ್ನ ಲೆಕ್ಕದಲ್ಲೇ ಇಲ್ಲ. ಈ ಸ್ಕಾಲರ್‌ಶಿಪ್ ತಿಂಗಳಿಗೆ 5,000 ರೂಪಾಯಿಯಂತೆ 2 ವರ್ಷ. ಕೈಗೆ ಬರುವುದು ಆರಾರು ತಿಂಗಳ ಕಂತಿನಲ್ಲಿ. ಊಟ, ಓಡಾಟದ ಜೊತೆ ಕಲಿಕೆಯ ಖರ್ಚಿಗೂ ಅದು. ತಾತ ನಿನಗೆ ಹೇಳಿಕೊಡಲು ಕೂತ ದಿನ ಅವರ ಕೂಲಿ ತಪ್ಪುತ್ತದೆ, ಹಾಗಾಗಿ ಮೊದಲು ಅವರ ಪಾಲು ತೆಗೆದಿಡು. ಮನೆಯವರು ತಾನೇ ಅಂತ ಸುಮ್ನೆ ಬಿಟ್ಟರೆ ಅದೂ ಬಿಟ್ಟಿ ಚಾಕರಿಯೇ. ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದ ಗುರು-ಶಿಷ್ಯ ಯೋಜನೆಯಲ್ಲಿ ಗುರುವಿಗೆ ತಿಂಗಳಿಗೆ 7,500, ಶಿಷ್ಯರಿಗೆ 1,500 ಇಟ್ಟಿದ್ದಾರೆ. ಜಾಸ್ತಿ ಏನಲ್ಲ, ಆದರೂ ಗುರುವಿನ ಹೆಸರಿಗೇ ದುಡ್ಡು ಬರುತ್ತದೆ. ತಾತನ ಹೆಸರಲ್ಲಿ ಅದಕ್ಕೂ ಪ್ರಯತ್ನಿಸೋಣ.

25 ದಾಟಿದರೆ ಅದೇ ಇಲಾಖೆಯ ಜೂನಿಯರ್ ಫೆಲೋಶಿಪ್ ಇದೆ, 40ರವರೆಗೆ, ತಿಂಗಳಿಗೆ 10,000. ಅದು ಸಂಶೋಧನೆಗೆ, ಈಗ ಬೇಡ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮಾತ್ರ ನೆನಪಿಟ್ಟುಕೋ. ಕಲೆಯ ಕೆಲಸಕ್ಕೆ ಅನುದಾನ ಕೊಡುವ ಸಂಸ್ಥೆ ಅದು, ಸರ್ಕಾರದ್ದಲ್ಲ, 1993ರಲ್ಲಿ ಶುರುವಾದದ್ದು. ಅಲ್ಲಿಗೆ ಕನ್ನಡದಲ್ಲೇ ಬರೆದು ಕಳಿಸಬಹುದು, ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಕಿಲ್ಲ. ರೆಕಾರ್ಡಿಂಗ್ ಯೋಚನೆಯನ್ನು ದೊಡ್ಡದು ಮಾಡಿಕೊಂಡು ಮುಂದೆ ಅಲ್ಲಿಗೆ ಹಾಕು.

‘ನಾನು ಮಾಡಿಸಿಕೊಡ್ತೀನಿ, ಬಂದದ್ದರಲ್ಲಿ ನನಗಿಷ್ಟು’ ಅಂತ ಬರುವವರಿಗೆ ಬಾಗಿಲಲ್ಲೇ ನಮಸ್ಕಾರ ಹೇಳು. ಮಂಜೂರಾಯಿತು ಅಂತ ಕಾಗದ ಬಂದ ಮಾತ್ರಕ್ಕೆ ಸಾಲ ಮಾಡಬೇಡ, ಕಂತು ತಡವಾಗುತ್ತದೆ. ಬಸ್ ಟಿಕೆಟ್, ಚರ್ಮ ತಂದ ಚೀಟಿ, ತಾತನಿಗೆ ಕೊಟ್ಟ ದುಡ್ಡಿನ ರಸೀದಿ, ಎಲ್ಲಾ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಾ ಹೋಗು. ಕಾರ್ಯಕ್ರಮದ ಕರಪತ್ರಗಳನ್ನು ಬಿಸಾಡಬೇಡ. ವಿಡಿಯೋ ತೆಗೆಸುವಾಗ ಫೋನ್ ಅಡ್ಡ ಹಿಡಿಯಲು ಹೇಳು, ನಿನ್ನ ಮುಖಕ್ಕಿಂತ ಎರಡೂ ಕೈ ಕಾಣಬೇಕು. ಮುಂದೆ ತಜ್ಞರ ಎದುರು ಬಾರಿಸಿ ತೋರಿಸಲು ಕರೆದರೆ ಫೈಬರ್ ಬೇಡ, ಚರ್ಮದ್ದೇ ತಗೊಂಡು ಹೋಗು. ಕಾಯಿಸಲು ಜಾಗ ಎಲ್ಲಿದೆ ಅಂತ ಬೆಳಿಗ್ಗೆಯೇ ವಿಚಾರಿಸಿಕೋ.

ಆಧಾರ್‌ನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಿನ್ನ ಇನಿಷಿಯಲ್ ಒಂದೇ ಥರ ಇಲ್ಲ, ನಿಮ್ಮಮ್ಮ ಹೇಳಿದಳು. ಮೊದಲು ಅದನ್ನು ಸರಿಮಾಡಿಸು. ಹೊಸ ಕರಡು ಭಾನುವಾರದೊಳಗೆ ವಾಟ್ಸಾಪ್ ಮಾಡು. ತಾತನಿಗೆ ಕೆಮ್ಮು ಹೇಗಿದೆ ಅಂತಲೂ ತಿಳಿಸು.

ಇಂತಿ,
ನಿನ್ನ ಮಾವ